ಒಲೆಯವರೆಗೂ ಅಳೆಯುವ ತುಳಸಮ್ಮ

ಹೊಸೂರಿನಾಚೆಯ ತಳಿ ಎಂಬ ಊರಿನ ಕಡೆ ಧನುರ್ಮಾಸದ ಚಳಿ ಮೂಳೆಗೆ ಇಳಿಯುತ್ತದೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಾಮಾಂಜಿನಪ್ಪನವರ ತೊಟ್ಟಿಮನೆಯ ಜಗಲಿಯ ಮೇಲೆ ಹೊಸೂರಿನಿಂದ ಬಂದ ಹೆಂಗಸೊಬ್ಬರು ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ಕೂತಿದ್ದಾರೆ. ತೊಡೆಯ ಮೇಲೆ ಮಕ್ಕಳು ಬರೆಯುವ ಸ್ಲೇಟು, ಪಕ್ಕದಲ್ಲಿ ಸುತ್ತಿಟ್ಟ ಅಳತೆಯ ಟೇಪು. ಒಳಗೆ ಕೊಟ್ಟಿಗೆಯ ಬಾಗಿಲು ತೆಗೆದ ಸದ್ದಾಗುತ್ತದೆ, ಹಾಲು ಕರೆದ ಸದ್ದಾಗುತ್ತದೆ. ಹೊರಗೆ ಕೂತವರನ್ನು ಮಾತ್ರ ಯಾರೂ ಕರೆಯುವುದಿಲ್ಲ. ಕರೆಯದೆ ಅವರು ಏಳುವುದೂ ಇಲ್ಲ.

ಇವರು ತುಳಸಮ್ಮ, ಹೊಸೂರಿನ ಹೆಣ್ಣುಮಕ್ಕಳ ಶಾಲೆಯೊಂದರ ಉಪಾಧ್ಯಾಯಿನಿ. ಇವರ ತಮ್ಮ ದ್ವಾರಕಾನಾಥ ಮುಂಬಯಿಯಲ್ಲಿ ವಾಸ್ತುಶಿಲ್ಪ ಓದುತ್ತಿದ್ದಾನೆ. ಮೇಲ್ಪದವಿಗೆ ಅವನು ಬರೆಯುತ್ತಿರುವ ಪ್ರೌಢಪ್ರಬಂಧ ಈ ಸೀಮೆಯ ಹಳ್ಳಿಮನೆಗಳನ್ನು ಕುರಿತದ್ದು: ಮಣ್ಣಿನ ಮಾಳಿಗೆಯ, ನಡುವೆ ತೊಟ್ಟಿಯಿರುವ ಮನೆಗಳು. ಮೊದಲ ವರ್ಷ ಅವನು ಒಬ್ಬನೇ ತಿರುಗಿ ಪಡಸಾಲೆ, ಕೊಟ್ಟಿಗೆ, ಜಗಲಿ ಎಲ್ಲವನ್ನೂ ಅಂದವಾಗಿ ನಕ್ಷೆಗೆ ಇಳಿಸಿಕೊಂಡು ಹೋಗಿದ್ದ. ಪ್ರತಿ ನಕ್ಷೆಯಲ್ಲೂ ಒಂದು ಮೂಲೆ ಖಾಲಿ. ಪರಗಂಡಸನ್ನು ಅಡುಗೆಮನೆಯ ಹೊಸಿಲು ದಾಟಿಸುವವರು ಯಾರು? ನಕ್ಷೆ ನೋಡಿದ ಗುರುಗಳು, ‘ನಿಮ್ಮ ಕಡೆಯ ಜನ ಊಟ ಮಾಡುವುದಿಲ್ಲವೇ?’ ಎಂದು ಕೇಳಿದರಂತೆ.

ಅಂದಿನಿಂದ ಖಾಲಿ ಮೂಲೆಗಳನ್ನು ತುಂಬುತ್ತಿರುವವರು ತುಳಸಮ್ಮ. ಪ್ರಬಂಧದ ರಟ್ಟಿನ ಮೇಲೆ ಅವರ ಹೆಸರು ಬರುವುದಿಲ್ಲ. ಬರಬೇಕೆಂದು ಅವರು ಕೇಳಿದವರೂ ಅಲ್ಲ.

ಅವರ ಕೆಲಸದ ರೀತಿ ನಿಧಾನದ್ದು. ಮೊದಲ ದಿನ ಟೇಪು ಚೀಲದಿಂದ ಹೊರಗೆ ಬರುವುದೇ ಇಲ್ಲ. ಅವರೆಕಾಯಿ ಸುಲಿಯುವವರಿದ್ದರೆ ಜತೆಗೆ ಕೂತು ಸುಲಿಯುತ್ತಾರೆ, ರಾಗಿ ಕೇರುವವರಿದ್ದರೆ ಮೊರಕ್ಕೆ ಕೈ ಹಾಕುತ್ತಾರೆ. ಹೊಗೆ ಎತ್ತ ಹೋಗುತ್ತದೆ, ಮಳೆಗಾಲದಲ್ಲಿ ಸೌದೆ ಎಲ್ಲಿಡುತ್ತೀರಿ, ಬಾಣಂತಿ ಎಲ್ಲಿ ಮಲಗುತ್ತಾಳೆ ಎಂದು ಒಂದೊಂದೇ ವಿಚಾರಿಸುತ್ತಾರೆ. ಅಳೆಯುವುದು ಮರುದಿನದ ಮಾತು. ಮಹಾಯುದ್ಧ ಮುಗಿದರೂ ಕಾಗದ ಇನ್ನೂ ಸುಲಭವಾಗಿ ಸಿಕ್ಕುವುದಿಲ್ಲವಾದ್ದರಿಂದ ಅಳತೆಯೆಲ್ಲ ಮೊದಲು ಸ್ಲೇಟಿನ ಮೇಲೆ. ಸಂಜೆ, ಜತೆಗೆ ಬಂದಿರುವ ದ್ವಾರಕಾನಾಥ ಅದನ್ನು ನಕ್ಷೆಗೆ ಏರಿಸಿದ ಮೇಲೆ ಒರೆಸಿ ಮತ್ತೊಂದು ಮನೆ. ಬೇರಿಕೆಯ ಸಂತೆಬೀದಿಯಿಂದ ಅಂಚೆಟ್ಟಿಯ ಕಾಡಂಚಿನವರೆಗೆ ಹೀಗೆ ನಲವತ್ತರ ಹತ್ತಿರ ಅಡುಗೆಮನೆಗಳಾಗಿವೆ. ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಬಸ್ಸು ಸಿಕ್ಕಿದಷ್ಟು ದೂರ ಬಸ್ಸು. ಅಂಚೆಟ್ಟಿಯ ಕಡೆ ನಡಿಗೆಯೇ ಗತಿ.

‘ಕಾಲು ನೋಯತ್ತೆ, ನಿಜ,’ ಎನ್ನುತ್ತಾರೆ ತುಳಸಮ್ಮ. ‘ಆದ್ರೆ ಹೋದ ಕಡೆಯೆಲ್ಲ ಮುದ್ದೆ ಹಾಕ್ತಾರೆ. ನನಗೆ ತಿಂದೂ ಸಾಕಾಗಿದೆ, ಬೇಡ ಅನ್ನೋಕೂ ಬರಲ್ಲ.’

ಗಂಡ ಅಪ್ಪಣ್ಣನವರಿಗೆ ಕೃಷ್ಣಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತೆ ಕೆಲಸ. ಶನಿವಾರ ಮನೆಗೆ ಬಂದಾಗ ಹೆಂಡತಿ ಇಲ್ಲದಿದ್ದರೆ ಅವರೇ ಅನ್ನಕ್ಕಿಡುತ್ತಾರೆ. ‘ತಾಲ್ಲೂಕಿನ ಒಲೆಯೆಲ್ಲ ಅಳೆದಾಯ್ತು. ಈ ಮನೇಲೂ ಒಂದು ಒಲೆ ಇದೆ ಅಂತ ನಿಮ್ಮಕ್ಕನಿಗೆ ಜ್ಞಾಪಿಸಪ್ಪ,’ ಎಂದು ಭಾವಮೈದುನನನ್ನು ಕೆಣಕುತ್ತಾರೆ. ಹಾಗೆ ಕೆಣಕಿದರೂ ಸೋಮವಾರ ಹೆಂಡತಿಗೆ ಬೇಕಾಗುವ ಬಳಪವನ್ನು ಕೊಂಡುತಂದಿರುವವರು ಅವರೇ.

ಈಗ ಉಳಿದಿರುವುದು ಈ ಒಂದು ಮನೆ. ಇಲ್ಲಿಯೇ ಎಲ್ಲವೂ ನಿಂತುಹೋಗಿದೆ.

ಉಳಿದ ದೊಡ್ಡ ಮನೆಗಳೆಲ್ಲ ಪಾಲಾಗಿವೆ. ತೊಟ್ಟಿಯ ನಡುವೆ ಗೋಡೆ ಎದ್ದಿದೆ. ರಾಮಾಂಜಿನಪ್ಪ, ಅಶ್ವತ್ಥಪ್ಪ ಎಂಬ ಅಣ್ಣತಮ್ಮಂದಿರ ಈ ಮನೆಯೊಂದು ಮಾತ್ರ ಕಟ್ಟಿದಾಗ ಹೇಗಿತ್ತೋ ಹಾಗೇ ಇದೆ. ಪ್ರಬಂಧದ ಕೊನೆಯ ಅಧ್ಯಾಯ ನಿಂತಿರುವುದು ಇದರ ಮೇಲೆಯೇ. ಇಡೀ ಮನೆಯ ನಕ್ಷೆ ಸಂಕ್ರಾಂತಿಯೊಳಗೆ ಮುಂಬಯಿ ಸೇರದಿದ್ದರೆ ದ್ವಾರಕಾನಾಥನ ಪರೀಕ್ಷೆ ಮುಂದಿನ ವರ್ಷಕ್ಕೆ ಹೋಗುತ್ತದೆ. ಮುಂದಿನ ವರ್ಷಕ್ಕೆ ಈ ಮನೆ ಹೀಗೇ ಇರುವುದೆಂದು ಯಾರೂ ಹೇಳಲಾರರು. ಹಾಗೆ ಹೇಳಲಾಗದಂತೆ ಮಾಡಿದವರಲ್ಲಿ ತಾವೂ ಸೇರಿದ್ದೇವೆಯೇ ಎಂಬುದು ತುಳಸಮ್ಮನವರನ್ನು ಪರೀಕ್ಷೆಗಿಂತ ಹೆಚ್ಚಾಗಿ ಕಾಡುತ್ತಿದೆ.

ಹೋದ ವಾರ ದ್ವಾರಕಾನಾಥ ಪಡಸಾಲೆ ಅಳೆದು ಹೋದ. ಅಂದು ಸಂಜೆಯೇ ಮನೆಯ ಕಿರಿಯವರಾದ ಅಶ್ವತ್ಥಪ್ಪನವರ ಹೆಂಡತಿ ಪಿಳ್ಳಮ್ಮ ಕೆರೆಯಿಂದ ಒಂದು ಮಂಕರಿ ಜೇಡಿಮಣ್ಣು ಹೊತ್ತು ತಂದು, ಅಡುಗೆಮನೆಯ ಇನ್ನೊಂದು ಗೋಡೆಗೆ ಹೊಸ ಒಲೆ ಹಾಕತೊಡಗಿದಳು. ಅಂದಿನಿಂದ ಅಣ್ಣತಮ್ಮಂದಿರು ಒಟ್ಟಿಗೆ ಕೂತು ಉಂಡಿಲ್ಲ. ಏಕೆಂದು ಅಕ್ಕತಮ್ಮ ಇಬ್ಬರಿಗೂ ತಿಳಿಯದು.

ಬಿಸಿಲು ಜಗಲಿ ಮುಟ್ಟಿದ ಮೇಲೆ ಬಾಗಿಲಲ್ಲಿ ಅಕ್ಕಯಮ್ಮ ಕಾಣಿಸಿಕೊಳ್ಳುತ್ತಾರೆ. ಅಣ್ಣತಮ್ಮಂದಿರ ತಾಯಿ, ಮನೆಯ ಬೀಗದಕೈ ಇವರ ಸೊಂಟದಲ್ಲಿದೆ.

‘ಇನ್ನೂ ಕುಂತಿದ್ದೀರಾ ಮೇಷ್ಟ್ರಮ್ಮ? ಮನೆ ಎರಡು ಮಾಡಿದ್ದು ಸಾಲ್ದಾ?’

‘ಏನು ತಪ್ಪಾಯ್ತು ಅಂತ ಹೇಳಿಬಿಡಿ ಅಕ್ಕಯಮ್ಮ. ಬೈಸಿಕೊಂಡೇ ಹೋಗ್ತೀನಿ.’

‘ಏನು ತಪ್ಪಾಯ್ತು! ನಿಮ್ಮ ತಮ್ಮಯ್ಯ ಬಂದೋನೆ ನಡುಗಂಬಕ್ಕೆ ಟೇಪು ಹಚ್ಚಿ ಆ ಕಡೆಗಿಷ್ಟು ಈ ಕಡೆಗಿಷ್ಟು ಅಂದ. ನಡುಗಂಬದಿಂದ ಹಗ್ಗ ಯಾವತ್ತಮ್ಮ ಹಿಡೀತಾರೆ? ಪಾಲಿನ ದಿನ ಹಿಡೀತಾರೆ. ನಮ್ಮ ದೊಡ್ಡೋನು ಗುಟ್ಟಾಗಿ ಪಾಲು ಅಳೆಯಾಕೆ ಅಮೀನನ ಕರೆಸವ್ನೆ ಅಂತ ಚಿಕ್ಕ ಸೊಸೆ ತಿಳ್ಕಂಡ್ಲು. ನಾನು ಬಡ್ಕೊಂಡ್ರೆ ಯಾರು ಕೇಳ್ತಾರೆ?’

ನಡುವಿನ ಗೆರೆ ಹಿಡಿದು ಎರಡೂ ಕಡೆಗೆ ಅಳೆಯುವುದು ದ್ವಾರಕಾನಾಥ ಮುಂಬಯಿಯಲ್ಲಿ ಕಲಿತ ಕ್ರಮ. ಅದರಲ್ಲಿ ದೋಷವೇನಿಲ್ಲ. ಇತರ ಮನೆಗಳಲ್ಲೂ ಅವನು ಅಳೆದದ್ದು ಹಾಗೆಯೇ. ಅವು ಆಗಲೇ ಪಾಲಾಗಿದ್ದ ಮನೆಗಳಾದ್ದರಿಂದ ಯಾರಿಗೂ ಏನೂ ಅನ್ನಿಸಿರಲಿಲ್ಲ.

ತುಳಸಮ್ಮ ಪಕ್ಕದ ಟೇಪನ್ನು ಕೈಗೆತ್ತಿಕೊಳ್ಳುತ್ತಾರೆ. ಆಮೇಲೆ ಕೇಳುತ್ತಾರೆ: ‘ಮನೆ ಕಟ್ಟುವಾಗ ಹಗ್ಗ ಎಲ್ಲಿಂದ ಹಿಡೀತಾರೆ?’

‘ದೇವಮೂಲೆಯಿಂದ. ಅಲ್ಲಿಂದ ಸುತ್ತ ಬಂದು ಅಲ್ಲಿಗೇ ಸೇರಿಸ್ತಾರೆ.’

‘ಹಾಗಾದ್ರೆ ಹಾಗೇ ಅಳೀತೀವಿ. ಟೇಪಿನ ತುದಿಗಳನ್ನ ನಿಮ್ಮ ಮಕ್ಕಳೇ ಹಿಡೀಲಿ.’

ಅಕ್ಕಯಮ್ಮ ದಿಟ್ಟಿಸಿ ನೋಡುತ್ತಾರೆ. ಹೂಂ ಎನ್ನುವುದಿಲ್ಲ, ಬಾಗಿಲನ್ನೂ ಹಾಕಿಕೊಳ್ಳುವುದಿಲ್ಲ.

ಊರಮುಂದಿನ ಗುಡಿಯ ಜಗಲಿಯಲ್ಲಿ ಕಾಯುತ್ತಿದ್ದ ದ್ವಾರಕಾನಾಥನಿಗೆ ಇದು ಹಿಡಿಸುವುದಿಲ್ಲ. ‘ಅಕ್ಕಾ, ಹೊರಗಿನದೆಲ್ಲ ಅಳೆದಾಗಿದೆ. ಮತ್ತೆ ಮೊದಲಿಂದ ಯಾಕೆ?’

‘ನೀನು ಅಳೆದೆ. ಅವರು ನೋಡಿದ್ದು ಪಾಲು. ಅದನ್ನ ಅವರ ಕಣ್ಣಿಂದ ತೆಗೀಬೇಕಲ್ಲೋ.’

ತಾಯಿ ಕರೆದು ಹೇಳಿದ ಮೇಲೆ ರಾಮಾಂಜಿನಪ್ಪ ಟೇಪಿನ ಒಂದು ತುದಿ ಹಿಡಿಯುತ್ತಾರೆ, ಅಶ್ವತ್ಥಪ್ಪ ಇನ್ನೊಂದು. ಮೊದಲ ಗೋಡೆ ಮುಗಿಯುವವರೆಗೂ ಅವರ ನಡುವೆ ಮಾತಿಲ್ಲ. ಟೇಪು ಹಿತ್ತಲ ಕಡೆ ತಿರುಗಿದಾಗ ಅಣ್ಣನಿಗೆ ತಡೆಯಲಾಗುವುದಿಲ್ಲ.

‘ಬಿಗಿಯಾಗಿ ಹಿಡಿಯೋ. ದನದ ಹಗ್ಗ ಹಿಡ್ದಂಗೆ ಹಿಡ್ಕಂಡವ್ನೆ.’

‘ನೀನು ಎಳೀಬ್ಯಾಡ. ಎಮ್ಮೆ ಎಳ್ದಂಗೆ ಎಳೀತೀಯ.’

‘ಎಮ್ಮೆ ಯಾರ್ಲಾ?’

ಬೇಲಿಯಾಚೆ ನಿಂತು ನೋಡುತ್ತಿದ್ದ ನೆರೆಯ ಕೊಂಡಮ್ಮ, ‘ಇಬ್ಬರೂ ಎಮ್ಮೆಗಳೇ ಬುಡ್ರಪ್ಪ, ಬೇಗ ಮುಗ್ಸಿ,’ ಎಂದದ್ದಕ್ಕೆ ತಮ್ಮ ನಗುತ್ತಾರೆ. ಅಣ್ಣ ನಗುವುದಿಲ್ಲ. ಆದರೆ ಟೇಪು ಸುತ್ತುತ್ತ ದೇವಮೂಲೆಗೆ ಮರಳಿ ಬಂದಾಗ ಎರಡು ತುದಿಗಳೂ ಒಂದೇ ಕಡೆ ಸೇರುತ್ತವೆ, ಅಣ್ಣತಮ್ಮಂದಿರ ಕೈಗಳೂ ಕೂಡ. ಅಕ್ಕಯಮ್ಮ ಇದನ್ನು ನೋಡಿಯೇ ಒಳಗೆ ಹೋಗಿ, ಅಲ್ಲಿಂದ ಕರೆಯುತ್ತಾರೆ: ‘ಬನ್ನಿ ಮೇಷ್ಟ್ರಮ್ಮ.’

ಅಡುಗೆಮನೆಯಲ್ಲಿ ಮಾಳಿಗೆಯ ಗವಾಕ್ಷಿಯಿಂದ ಬೆಳಕು ನೇರವಾಗಿ ಒಲೆಯ ಮೇಲೆ ಬೀಳುತ್ತಿದೆ. ಮೂಲೆಯಲ್ಲಿ ರಾಗಿ ತುಂಬುವ ಮಣ್ಣಿನ ವಾಡೆ, ಆಳೆತ್ತರದ್ದು. ಎದುರು ಗೋಡೆಗೆ ಪಿಳ್ಳಮ್ಮನ ಹೊಸ ಒಲೆ, ಚಳಿಗೆ ಒಣಗದೆ ಇನ್ನೂ ಹಸಿ. ಪಿಳ್ಳಮ್ಮ ಅದರ ಮುಂದೆಯೇ ನಿಂತಿದ್ದಾಳೆ.

ತುಳಸಮ್ಮ ಗೋಡೆಗಳನ್ನು ಅಳೆಯುತ್ತಾರೆ, ವಾಡೆಯನ್ನು ಅಳೆಯುತ್ತಾರೆ, ಗವಾಕ್ಷಿಯನ್ನು ಕಣ್ಣಳತೆಯಲ್ಲಿ ಗುರುತಿಸಿಕೊಳ್ಳುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ ಎಂಬುದು ಅವರು ತಮ್ಮನಿಗೆ ಕೊಟ್ಟಿರುವ ಮಾತು. ಹಸಿ ಒಲೆಯೂ ಅಲ್ಲಿ ಇದ್ದದ್ದೇ. ಬಳಪ ಸ್ಲೇಟಿನ ಮೇಲೆ ನಿಲ್ಲುತ್ತದೆ.

‘ಇದನ್ನೂ ಬರೀಲಾ ಪಿಳ್ಳಮ್ಮ?’ ಎಂದು ಮೆಲ್ಲಗೆ ಕೇಳುತ್ತಾರೆ.

ಪಿಳ್ಳಮ್ಮ ಹಸಿ ಒಲೆಯ ಅಂಚು ಸವರುತ್ತಾಳೆ. ಅಕ್ಕಯಮ್ಮ ಬೆನ್ನು ತಿರುಗಿಸಿ, ಯಾರಿಗೂ ಅಲ್ಲವೆಂಬಂತೆ ಹೇಳುತ್ತಾರೆ: ‘ಮಣ್ಣು ಚೆನ್ನಾಗಿ ಹದ ಮಾಡವ್ಳೆ. ನಂಗಂತೂ ಹಂಗೆ ಬರಾಕಿಲ್ಲ. ವಾಡೆ ಬಾಯಿ ಬಿರುಕು ಬಿಟ್ಟು ಎಷ್ಟು ದಿನ ಆಯ್ತೋ, ಮೆತ್ತೋರು ಯಾರೂ ಇಲ್ಲ.’

ತುಳಸಮ್ಮ ಅವಸರ ಮಾಡುವುದಿಲ್ಲ. ಗೋಡೆಗೊರಗಿ ಕೂತು, ಸ್ಲೇಟನ್ನು ಮಡಿಲಲ್ಲಿ ಮಗುಚಿಟ್ಟುಕೊಳ್ಳುತ್ತಾರೆ. ಮುದ್ದೆಯ ಎಸರು ಕುದಿಯುತ್ತದೆ. ಬಹಳ ಹೊತ್ತಾದ ಮೇಲೆ ಪಿಳ್ಳಮ್ಮ ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂರುತ್ತಾಳೆ. ಹಸಿ ಒಲೆಯ ಮೇಲೆ ಪಾತ್ರೆ ಕೂರಿಸುವ ಒಂದು ಕಿವಿ ಮುರಿಯುತ್ತಾಳೆ, ಆಮೇಲೆ ಇನ್ನೊಂದು. ನೀರು ಚಿಮುಕಿಸಿ ಮಣ್ಣನ್ನು ಮತ್ತೆ ಉಂಡೆ ಮಾಡಿ ವಾಡೆಯ ಬಾಯಿಗೆ ಮೆತ್ತತೊಡಗುತ್ತಾಳೆ. ಅಕ್ಕಯಮ್ಮ ನೆಲದ ಮೇಲೆ ಉಳಿದ ಕಲೆಯನ್ನು ಸಗಣಿಯಿಂದ ತಾವೇ ಸಾರಿಸುತ್ತಾರೆ.

ಆಗ ತುಳಸಮ್ಮ ಎದ್ದು, ಉರಿಯುತ್ತಿರುವ ಒಲೆಯ ಹತ್ತಿರ ಬಗ್ಗಿ ಟೇಪು ಹಿಡಿಯುತ್ತಾರೆ.

‘ಅಕ್ಕಾ,’ ಹೊಸಿಲಾಚೆಯಿಂದ ದ್ವಾರಕಾನಾಥ ಕೂಗುತ್ತಾನೆ, ‘ಒಲೆ ಎಷ್ಟು?’

ಮೆಲುದನಿಯ ಹೆಂಗಸು ತುಳಸಮ್ಮ. ತರಗತಿಯಲ್ಲೂ ಅವರು ಕೂಗುವುದಿಲ್ಲ. ಆದರೆ ಜಗಲಿಯ ಮೇಲೆ ಕೂತಿರುವ ಅಣ್ಣತಮ್ಮಂದಿರಿಗೂ ಕೇಳಬೇಕು.

‘ಒಂದೇ ಕಣೋ,’ ಎಂದು ದನಿಯೆತ್ತಿ ಹೇಳುತ್ತಾರೆ. ‘ಈ ಮನೇಲಿ ಒಂದೇ ಒಲೆ. ಹಾಗೇ ಬರ್ಕೋ.’