ಕುತ್ತಿಗೆಯ ಕೆಳಗಿದ್ದ ಸಿಂಬೆ

೨೦೨೫ ಅಕ್ಟೋಬರ್ ೧, ಬುಧವಾರ, ಆಯುಧಪೂಜೆ. ಬೆಳಿಗ್ಗೆ ಮೋಡ. ಎಂಟೂವರೆಯಿಂದ ಒಂಬತ್ತೂಕಾಲಿನವರೆಗೆ ಜಿನುಗು ಮಳೆ. ಆಮೇಲೆ ಬಿಸಿಲು ಬಂತಾದರೂ ಗೋಡೆಗಳ ತೇವ ಸಂಜೆಯವರೆಗೂ ಆರಲಿಲ್ಲ.

ನನ್ನ ತಮ್ಮ ಲೋಕೇಶನ ವಿಷಯ ಬರೆಯಲು ಕುಳಿತವನು ತೇವದ ಲೆಕ್ಕದಿಂದ ಆರಂಭಿಸುವುದಕ್ಕೆ ಕಾರಣವಿದೆ. ಆ ಎರಡು ದಿನ ನಮ್ಮ ಮನೆಯಲ್ಲಿ ಎಲ್ಲವೂ ಒಂದು ಅಂಟು ಒಣಗುವುದನ್ನೇ ಅವಲಂಬಿಸಿತ್ತು.

ಲೋಕೇಶನಿಗೆ ಈಗ ನಲವತ್ತೆರಡು ವರ್ಷ. ಹೊಸಬಾಳೆಯಲ್ಲಿ ನಮ್ಮ ಪಾಲಿಗೆ ಬಂದಿರುವ ಎರಡೆಕರೆಯನ್ನು ಅವನೇ ನೋಡಿಕೊಳ್ಳುತ್ತಾನೆ. ನಾನು ಸಹಕಾರ ಸಂಘದಲ್ಲಿ ಗುಮಾಸ್ತ. ಲೋಕೇಶ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಎರಡು ವರ್ಷ ಶುಂಠಿ ಕಿತ್ತ ಕೂಲಿಯಿಂದ, ಶಿಕಾರಿಪುರದ ಒಬ್ಬರ ಹತ್ತಿರ ಹಳೆಯ ಗಿಟಾರ್ ಕೊಂಡು ತಂದ. ಅದನ್ನು ಯಾರೂ ಅವನಿಗೆ ಕಲಿಸಲಿಲ್ಲ. ಇಪ್ಪತ್ತಮೂರರ ಹೊತ್ತಿಗೆ ಶಿಕಾರಿಪುರದ ಸಿದ್ಧಲಿಂಗೇಶ್ ಅವರ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ. ಹಗಲು ಗದ್ದೆ, ಮದುವೆಯ ದಿನಗಳಲ್ಲಿ ಸಂಜೆ ವೇದಿಕೆ. ಹೀಗೆ ಹದಿಮೂರು ವರ್ಷ ನಡೆಯಿತು.

೨೦೧೯ರಲ್ಲಿ ಮೆಕ್ಕೆಜೋಳ ಬಿಡಿಸುವ ಯಂತ್ರಕ್ಕೆ ಅವನ ಎಡಗೈ ಸಿಕ್ಕಿತು. ನಡುಬೆರಳು ಮತ್ತು ಉಂಗುರ ಬೆರಳು ಹೋದವು. ಗಿಟಾರಿನಲ್ಲಿ ತಂತಿ ಒತ್ತುವುದು ಎಡಗೈ. ಆ ವರ್ಷದ ನನ್ನ ದಿನಚರಿಯಲ್ಲಿ ನವೆಂಬರ್ ಹದಿನಾರರಂದು ಒಂದೇ ವಾಕ್ಯವಿದೆ: “ಲೋಕೇಶ ಬಾವಿಯ ಕಟ್ಟೆಯ ಮೇಲೆ ಕುಳಿತಿದ್ದ, ಕರೆದುಕೊಂಡು ಬಂದೆ.” ಮರುದಿನ ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿಗಳನ್ನೆಲ್ಲ ಒಂದು ಪೆಟ್ಟಿಗೆಗೆ ತುಂಬಿ ಬೀಗ ಹಾಕಿದೆ. ಬೀಗದ ಕೈ ಅಂದಿನಿಂದ ನನ್ನ ಜೇಬಿನಲ್ಲಿದೆ.

ಮುಂದಿನ ವರ್ಷ ಅವನು ಗಿಟಾರನ್ನು ತಿರುಗಿಸಿ ಹಿಡಿದುಕೊಂಡ. ಬಲಗೈಯಿಂದ ತಂತಿ ಒತ್ತಿ, ಎಡಗೈಯ ಹೆಬ್ಬೆರಳು ತೋರುಬೆರಳುಗಳಿಂದ ಮೀಟುವುದು. ಆರೂ ತಂತಿಗಳನ್ನು ಹಿಂದುಮುಂದಾಗಿ ಕಟ್ಟಿದ. ತಂತಿಗಳು ಕೂರುವ ಎಲುಬಿನ ಪಟ್ಟಿಯನ್ನು ತಾನೇ ಅರದಿಂದ ಉಜ್ಜಿ ಹೊಸದಾಗಿ ಗೀರಿದ. ಕೈ ಪಳಗಲು ನಾಲ್ಕು ವರ್ಷ ಬೇಕಾಯಿತು. ಹೀಗಾಗಿ ಬೇರೆ ಯಾರ ಗಿಟಾರನ್ನೂ ಅವನು ನುಡಿಸಲಾರ. ಲೋಕದಲ್ಲಿ ಅವನಿಗೆ ಇರುವುದು ಅದೊಂದೇ.

ಈ ಸೆಪ್ಟೆಂಬರಿನಲ್ಲಿ ಸಿದ್ಧಲಿಂಗೇಶ್ ಅವರು ಅವನನ್ನು ಮತ್ತೊಮ್ಮೆ ಕೇಳಿ ನೋಡಲು ಕೊನೆಗೂ ಒಪ್ಪಿದ್ದರು. “ವಿಜಯದಶಮಿ ದಿನ ನಾಕು ಗಂಟೆಗೆ ಬಾ. ನುಡ್ಸಿ ತೋರ್ಸು. ದೀಪಾವಳಿ ಪ್ರೋಗ್ರಾಮಿಗೆ ಯಾರು ಅಂತ ಅವತ್ತೇ ಗೊತ್ತು ಮಾಡ್ತೀನಿ, ಇನ್ನೊಬ್ಬ ಗಿಟಾರಿನವ ಹರೀಶಾನೂ ಬರ್ತಾನೆ,” ಎಂದಿದ್ದರು. ಲೋಕೇಶ ಹೊಸ ತಂತಿ ತಂದ. ಅಂಗಿ ಇಸ್ತ್ರಿ ಮಾಡಿಸಿದ. ಆರು ವರ್ಷಗಳಲ್ಲಿ ಅವನು ಅಂಗಿ ಇಸ್ತ್ರಿ ಮಾಡಿಸಿದ್ದನ್ನು ನಾನು ನೋಡಿರಲಿಲ್ಲ.

ತಂತಿ ಬದಲಿಸುವಾಗ ಅವನದೊಂದು ಕ್ರಮವಿದೆ. ಗಿಟಾರನ್ನು ಚಾಪೆಯ ಮೇಲೆ ಮಲಗಿಸಿ ಕುತ್ತಿಗೆಯ ಕೆಳಗೆ ಅಮ್ಮನ ಹಳೆಯ ಸಿಂಬೆ ಇಡುತ್ತಾನೆ. ಕೊಡ ಹೊರುವಾಗ ಅಮ್ಮ ತಲೆಯ ಮೇಲಿಡುತ್ತಿದ್ದ ಬಟ್ಟೆಯ ಸುತ್ತು ಅದು. ಮನೆಗೆ ನಲ್ಲಿ ಬಂದ ಮೇಲೆ ಅದಕ್ಕೆ ಕೆಲಸವಿರಲಿಲ್ಲ. “ತಂತಿ ಬಿಗಿಯೋ ಬಿರಡೆ ತಿರುವೋವಾಗ ಎಲ್ಲಾ ಭಾರ ಕುತ್ಗೆ ಮೇಲೇ ಬೀಳೋದು. ತಲೆ ಗಾಳೀಲಿ ನೇತಾಡ್ಬಾರ್ದು,” ಎಂದು ಅವನು ನನಗೆ ಹಲವು ಸಲ ಹೇಳಿದ್ದ.

ಬುಧವಾರ ಬೆಳಿಗ್ಗೆ ಹಳೆಯ ತಂತಿಗಳನ್ನೆಲ್ಲ ಬಿಚ್ಚಿ, ಕುತ್ತಿಗೆಯ ಪಟ್ಟಿಗೆ ಎಣ್ಣೆ ಸವರಿ, ಹೊಸ ತಂತಿ ಕಟ್ಟುವುದರಲ್ಲಿದ್ದ. ಅಮ್ಮ ಹುಲಿಗೆಮ್ಮ ಅಡ್ಡಬಂದಳು. ಕುಡುಗೋಲು, ಗುದ್ದಲಿ, ನನ್ನ ಬೈಕಿನ ಜೊತೆಗೆ ಗಿಟಾರಿಗೂ ಪೂಜೆಯಾಗಬೇಕೆಂದಳು.

“ಅಮ್ಮಾ, ತಂತಿ ಕಟ್ಟಿಲ್ಲ ಇನ್ನೂ.”

“ಕಟ್ಟಿಲ್ದಿದ್ರೆ ಏನಾತು? ಇನ್ಮೇಲೆ ನಿಂಗೆ ಅನ್ನ ಹಾಕೋದು ಅದೇ ತಾನೇ? ಇಡಾ ಸುಮ್ನೆ.”

ಅವನು ನಕ್ಕ. ಗಿಟಾರನ್ನು ಮಣೆಯ ಮೇಲೆ ಇಟ್ಟ. ಕುತ್ತಿಗೆ ಮಣೆಯಿಂದ ಹೊರಗೆ ಚಾಚಿತ್ತು. ಅದರ ಕೆಳಗೆ ಒಂದು ಇಟ್ಟಿಗೆ, ಇಟ್ಟಿಗೆಯ ಮೇಲೆ ಸಿಂಬೆ ಇಟ್ಟು ಸ್ನಾನಕ್ಕೆ ಹೋದ.

ಪೂಜೆಯ ಬೂದುಗುಂಬಳ ನಿಲ್ಲದೆ ಉರುಳುತ್ತಿತ್ತು. “ನಾಗ್ರಾಜ, ಆ ಸಿಂಬೆ ಇತ್ಲಾಗೆ ಕೊಡಾ,” ಎಂದಳು ಅಮ್ಮ. ಕೊಟ್ಟೆ. ಇಟ್ಟಿಗೆಯನ್ನೂ ಪಕ್ಕಕ್ಕೆ ಸರಿಸಿದೆ, ಸಾಲು ಚೆನ್ನಾಗಿ ಕಾಣಲಿ ಎಂದು. ತೊಳೆದ ಹಾರೆಯನ್ನು ಗೋಡೆಗೆ ಒರಗಿಸಿದವನೂ ನಾನೇ. ನೆಲ ಒದ್ದೆಯಿತ್ತು. ನಾನು ಹೂವಿನ ತಟ್ಟೆ ತರಲು ತಿರುಗಿದಾಗ ಹಾರೆಯ ಬುಡ ಜಾರಿ, ಅದು ಗಿಟಾರಿನ ತಲೆಯ ಮೇಲೆ ಬಿತ್ತು.

ಸದ್ದು ದೊಡ್ಡದಾಗಿರಲಿಲ್ಲ. ಕುತ್ತಿಗೆ ಮುಗಿದು ತಲೆ ಹಿಂದಕ್ಕೆ ಬಾಗುವ ಜಾಗದಲ್ಲಿ ಮರ ಸೀಳಿ, ಒಂದು ಎಳೆ ಸಿಬಿರಿನ ಆಧಾರದಲ್ಲಿ ತಲೆ ನೇತಾಡುತ್ತಿತ್ತು. ಕೆಳಗೆ ಏನಾದರೂ ಇದ್ದಿದ್ದರೆ ಒಂದು ಗೀರಿನಲ್ಲಿ ಮುಗಿಯುತ್ತಿತ್ತು.

ಲೋಕೇಶ ಒದ್ದೆ ಮೈಯಲ್ಲೇ ಬಂದು ನಿಂತ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ, “ಸಿಂಬೆ ನಾನೇ ತೆಗ್ದೆ ಕಣಾ,” ಎಂದಳು. ನಾನು ಸುಮ್ಮನಿದ್ದೆ. ಅವನು ಅಂಗೈಯನ್ನು ಗಿಟಾರಿನ ತಲೆಯ ಕೆಳಗಿಟ್ಟು, ಮಗುವಿನ ತಲೆ ಎತ್ತುವಂತೆ ಎತ್ತಿ, ಅಲ್ಲಿಯೇ ಕುಳಿತ. ನಾನು ಜೇಬು ಮುಟ್ಟಿ ನೋಡಿಕೊಂಡೆ. ಬೀಗದ ಕೈ ಇತ್ತು.

ಹನ್ನೊಂದರ ಬಸ್ಸಿಗೆ ಶಿರಾಳಕೊಪ್ಪಕ್ಕೆ ಹೊರಟೆವು. ದಾರಿಯುದ್ದಕ್ಕೂ ಗಿಟಾರ್ ಅವನ ತೊಡೆಯ ಮೇಲಿತ್ತು, ತಲೆ ನನ್ನ ಅಂಗೈಯಲ್ಲಿ. ಬಡಗಿಗಳ ಬಾಗಿಲು ಎರಡು ಕಡೆ ತಟ್ಟಿದೆವು. ಉಳಿ, ಬಾಚಿ, ಕೊರೆಯುವ ಯಂತ್ರ ಎಲ್ಲವೂ ಕುಂಕುಮ ಹಚ್ಚಿಸಿಕೊಂಡು ಹೂವಿನಡಿ ಮಲಗಿದ್ದವು. ಪೂಜೆಗಿಟ್ಟ ಹತ್ಯಾರವನ್ನು ಆ ದಿನ ಯಾರೂ ಮುಟ್ಟುವುದಿಲ್ಲ. ನಾವೂ ಮುಟ್ಟುವುದಿಲ್ಲ. ಕೇಳಲು ನನಗೇ ನಾಚಿಕೆಯಾಗುತ್ತಿತ್ತು.

ಭಜನಾ ಮಂಡಳಿಗಳ ಹಾರ್ಮೋನಿಯಂ ರಿಪೇರಿ ಮಾಡುವ ಬೆನಕಪ್ಪನವರ ಮನೆಯನ್ನು ಕೊನೆಗೆ ಹುಡುಕಿದೆವು. ಎಪ್ಪತ್ತರ ಮೇಲಿನ ವಯಸ್ಸು, ಹಣೆಯ ತುಂಬ ವಿಭೂತಿ. ಬಿರುಕನ್ನು ಬೆಳಕಿಗೆ ಹಿಡಿದು ನೋಡಿದರು.

“ನಾಳೆ ಮಧ್ಯಾಹ್ನ ತಗಂಬರ್ರಿ. ಇವತ್ತು ಹತ್ಯಾರ ಮುಟ್ಟಂಗಿಲ್ಲ, ಪೂಜೆ ಆಗೈತೆ.”

“ನಾಳೆ ನಾಕು ಗಂಟೆಗೆ ನುಡಿಸ್ಬೇಕು ಯಜಮಾನ್ರೇ,” ಎಂದ ಲೋಕೇಶ.

“ನಿಮ್ಮ ಮದುವಿ ಏನ್ರೀ ನಾಳೆ? ಒಂದಿನ ತಡ ಆದ್ರೆ ಹೆಣ್ಣು ಓಡಿ ಹೋಗ್ತೈತಾ?”

ಲೋಕೇಶ ಎಡಗೈಯನ್ನು ಅವರ ಮುಂದೆ ಚಾಚಿದ. ಆರು ವರ್ಷಗಳಿಂದ ಪರವೂರಿಗೆ ಹೋದರೆ ಅವನು ಆ ಕೈಯನ್ನು ಜೇಬಿನಿಂದ ಹೊರಗೆ ತೆಗೆದವನಲ್ಲ. ಬೆನಕಪ್ಪನವರು ಅದನ್ನು ನೋಡಿದರು, ಗಿಟಾರಿನ ಹಿಂದುಮುಂದಾದ ಪಟ್ಟಿಯನ್ನು ನೋಡಿದರು.

“ಹತ್ಯಾರ ಮುಟ್ಟಲ್ಲ,” ಎಂದರು. “ಕೈಯಾಗೆ ಎಷ್ಟು ಆಗ್ತೈತೋ ಅಷ್ಟು. ಅಂಟು ತಗಂಬರ್ರಿ.”

ಅಂಟನ್ನು ಬೆರಳಿನಿಂದಲೇ ಬಿರುಕಿನೊಳಗೆ ತುಂಬಿದರು. ಬಿಗಿಹಿಡಿಯುವ ಕಬ್ಬಿಣದ ಹಿಡಿಗಳು ಪೂಜೆಯಲ್ಲಿದ್ದುದರಿಂದ ಸೈಕಲ್ ಟ್ಯೂಬಿನ ಹಳೆಯ ಪಟ್ಟಿಯನ್ನು ಎಳೆದೆಳೆದು ಸುತ್ತಿದರು. ಬಂದು ನಿಂತ ಅವರ ಹೆಂಡತಿ, “ನಾಳೆ ಎಲ್ಲರ ಹತ್ರ ಹೇಳ್ತಾರೆ ನೋಡ್ರಿ, ನಾನು ನೇಮ ಬಿಡಲಿಲ್ಲ ಅಂತ,” ಎಂದರು. ಬೆನಕಪ್ಪನವರು ತಲೆ ಎತ್ತದೆ ನಮಗೆ ಹೇಳಿದರು:

“ಈ ತೇವದಾಗೆ ಮೂರು ದಿನ ಬೇಕ್ರಿ. ನಾಳೆ ಬಿಗಿ ಮಾಡಿದ್ರೆ ನನ್ನ ಕೇಳಬ್ಯಾಡ್ರಿ. ಅಲ್ಲಿ ತನಕ ಕುತ್ತಿಗೆ ಕೆಳಗೆ ಮೆತ್ತಂದು ಏನಾರ ಇರ್ಲಿ.”

ವಾಪಸ್ಸಿನ ಬಸ್ಸಿನಲ್ಲಿ ನಾನು ಹೇಳಿದೆ: “ಸಿಂಬೆ ತೆಗ್ದಿದ್ದು ನಾನು.”

“ಗೊತ್ತು,” ಎಂದ ಲೋಕೇಶ. “ಅಮ್ಮಂಗೆ ಮಂಡಿ ಬಗ್ಗಲ್ಲ. ಇಟ್ಟಿಗೆ ಹೆಂಗೆ ಸರಿಸ್ತಾಳೆ?”

ಮನೆಗೆ ಬಂದಾಗ ಅಮ್ಮ ಕುಂಬಳಕಾಯಿಯ ಕೆಳಗಿನಿಂದ ಸಿಂಬೆಯನ್ನು ತೆಗೆದು, ಕುಂಕುಮದ ಕಲೆಯ ಸಮೇತ ಗಿಟಾರಿನ ಕುತ್ತಿಗೆಯ ಕೆಳಗೆ ನನ್ನಿಂದ ಇಡಿಸಿದಳು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಲೋಕೇಶ ತಂತಿ ಕಟ್ಟಲು ಕುಳಿತ. ಒಂದು ತಂತಿ ಕಟ್ಟುವುದು, ಅರ್ಧ ಬಿಗಿ ಮಾಡುವುದು, ಕಾಯುವುದು. ನಾನು ಸಿಂಬೆಯ ಪಕ್ಕದಲ್ಲಿ ಕಿವಿಯಿಟ್ಟು ಕುಳಿತಿದ್ದೆ. ನಾಲ್ಕು ತಂತಿ ನಿಂತವು. ಐದನೆಯದನ್ನು ತಿರುವುವಾಗ ಟ್ಯೂಬಿನ ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣಿಸಿತು. ಅವನು ತಕ್ಷಣ ಅದನ್ನು ಸಡಿಲಿಸಿ ಬಿಚ್ಚಿದ. ಐದು, ಆರನೆಯ ದಪ್ಪ ತಂತಿಗಳನ್ನು ಸುರುಳಿ ಮಾಡಿ ಜೇಬಿಗೆ ಹಾಕಿಕೊಂಡ.

“ಹೋಗದೇ ಇದ್ರೆ?” ಎಂದೆ.

“ಹೋಗದೇ ಇದ್ರೆ ಇವತ್ತು ಸಾಯಂಕಾಲ ನಾನು ಏನು ಮಾಡ್ಲಿ ಅಣ್ಣಾ?”

ಹೊರಟೆವು.

ಶಿಕಾರಿಪುರದ ಅಭ್ಯಾಸದ ಕೋಣೆಯಲ್ಲಿ ಹರೀಶ ಎಂಬ ಯುವಕ ನುಡಿಸಿ ಮುಗಿಸಿದ್ದ. ಸಿದ್ಧಲಿಂಗೇಶ್ ಅವರು ಟ್ಯೂಬು ಸುತ್ತಿದ ಗಿಟಾರನ್ನು ನೋಡಿ ನಕ್ಕರು. “ಏನೋ ಲೋಕ, ಪಂಚರ್ ಅಂಗಡೀಲಿ ಕಟ್ಟಿಸಿದ್ಯಾ? ಉಳಿದ ಎರಡು ತಂತಿ ಎಲ್ಲಿ, ಕಂಡಕ್ಟರಿಗೆ ಕೊಟ್ಯಾ?”

“ಜೇಬಲ್ಲಿ ಅದಾವೆ ಅಣ್ಣಾ. ಇದು ನಾಕೇ ತಡೆಯೋದು ಇವತ್ತು.”

ಅವನು ಎರಡು ಹಾಡು ನುಡಿಸಿದ. ದಪ್ಪ ತಂತಿಯ ಸ್ವರ ಬರಬೇಕಾದಲ್ಲಿ ಎಡಗೈಯ ಹೆಬ್ಬೆರಳಿನಿಂದ ಗಿಟಾರಿನ ಹೊಟ್ಟೆಯನ್ನು ಮೆಲ್ಲಗೆ ತಟ್ಟಿದ. ಎರಡನೆಯ ಹಾಡಿಗೆ ಮೂಲೆಯಲ್ಲಿದ್ದ ತಬಲಾದವರು ತಾವಾಗಿಯೇ ಸೇರಿಕೊಂಡರು. ಸಿದ್ಧಲಿಂಗೇಶ್ ಅವರ ನಗು ನಿಂತಿತ್ತು. ಮೂರನೆಯದರ ನಡುವೆ ಟಿಕ್ ಎಂದಿತು. ಶ್ರುತಿ ಇಳಿಯಿತು. ಲೋಕೇಶ ನುಡಿಸುವುದನ್ನು ನಿಲ್ಲಿಸಿ ಅಂಗೈಯನ್ನು ಕುತ್ತಿಗೆಯ ಕೆಳಗೆ ಕೊಟ್ಟ. ನಾನು ಚೀಲದಿಂದ ಸಿಂಬೆ ತೆಗೆದು ಬೆಂಚಿನ ಮೇಲಿಟ್ಟೆ.

“ದೀಪಾವಳಿಗೆ ಹರೀಶ,” ಎಂದರು ಸಿದ್ಧಲಿಂಗೇಶ್. “ಸ್ಟೇಜಿಗೆ ನಂಗೆ ಆರು ತಂತಿ ಬೇಕು. ಬೇಜಾರು ಮಾಡ್ಕಬ್ಯಾಡ.” ಲೋಕೇಶ ತಲೆ ಆಡಿಸಿದ. ಬಾಗಿಲವರೆಗೆ ಬಂದು ಅವರೇ ಮತ್ತೆ ಹೇಳಿದರು: “ಅದು ಸರಿ ಆದ ದಿನ ಬಾ. ಫೋನ್ ಮಾಡ್ಬ್ಯಾಡ, ಬಂದ್ಬಿಡು.”

ಅದು ಕೊಟ್ಟ ಮಾತೋ, ಬರಿಯ ಸಮಾಧಾನವೋ, ನನಗೆ ತಿಳಿಯಲಿಲ್ಲ. ಅವನಿಗೂ ತಿಳಿದಿರಲಾರದು.

ವಾಪಸ್ಸು ಬರುವಾಗ ಶಿರಾಳಕೊಪ್ಪದಲ್ಲಿ ಇಳಿದೆವು. ಬೆನಕಪ್ಪನವರ ಹತ್ಯಾರಗಳು ಪೂಜೆಯಿಂದ ಎದ್ದಿದ್ದವು. ಅವರು ಬೈಯುತ್ತಲೇ ಟ್ಯೂಬು ಬಿಚ್ಚಿದರು. ಹಳೆಯ ಅಂಟನ್ನು ಕೆರೆದು ತೆಗೆಯಬೇಕು, ಒಳಗೆ ಹೊಸ ಮರದ ಪಟ್ಟಿ ಕೂರಿಸಬೇಕು, ಹತ್ತು ದಿನ, ಆದರೂ ನಿಲ್ಲುತ್ತದೆಂದು ಮಾತು ಕೊಡುವುದಿಲ್ಲ ಎಂದರು. ಗಿಟಾರನ್ನು ಅಲ್ಲಿಯೇ ಬಿಟ್ಟೆವು, ಸಿಂಬೆಯ ಮೇಲೆ.

ಬಾಗಿಲಲ್ಲಿ ಕಾಯುತ್ತಿದ್ದ ಅಮ್ಮ ಅವನ ಖಾಲಿ ಕೈ ನೋಡಿದಳು. “ರಿಪೇರಿಗೆ ಕೊಟ್ಟೀನಿ,” ಎಂದ ಲೋಕೇಶ. “ಹನ್ನೆರಡನೇ ತಾರೀಖು ಭಾನುವಾರ ಹೋಗಿ ತರ್ಬೇಕು.” ಇಸ್ತ್ರಿಯ ಅಂಗಿಯನ್ನು ಬಿಚ್ಚಿ ಮಡಿಸಿ ಇಟ್ಟ. ಜೇಬಿನ ಎರಡು ತಂತಿಗಳನ್ನು ಗೋಡೆಯ ಮೊಳೆಗೆ ನೇತುಹಾಕಿದ.

ಬೀಗದ ಕೈ ನನ್ನ ಜೇಬಿನಲ್ಲೇ ಇದೆ. ಹನ್ನೆರಡನೇ ತಾರೀಖಿನವರೆಗೆ ಇರುತ್ತದೆ, ಆಮೇಲೂ ಇರಬಹುದು.

ಎರಡು ದಿನಗಳ ಖರ್ಚು: ಬುಧವಾರ ಇಬ್ಬರ ಬಸ್ಸು, ಹೋಗಿ ಬರಲು, ೧೨೦ ರೂಪಾಯಿ. ಮರದ ಅಂಟು ೬೫. ಗುರುವಾರ ಶಿಕಾರಿಪುರಕ್ಕೆ ಹೋಗಿ ಬಂದ ಬಸ್ಸು ೨೪೦. ಚಹಾ ೪೦, ಲೋಕೇಶ ಕುಡಿಯಲಿಲ್ಲ, ಲೋಟ ಹಾಗೇ ಉಳಿಯಿತು. ಬೆನಕಪ್ಪನವರಿಗೆ ಮುಂಗಡ ೩೦೦. ಬುಧವಾರದ ಕೆಲಸಕ್ಕೆ ಅವರು ಏನೂ ತೆಗೆದುಕೊಳ್ಳಲಿಲ್ಲ, ಹತ್ಯಾರ ಮುಟ್ಟದೆ ಮಾಡಿದ್ದು ಕೆಲಸವಲ್ಲ ಎಂದರು. ಒಟ್ಟು ೭೬೫ ರೂಪಾಯಿ.