ಮಡಿಲಲ್ಲಿದ್ದ ಇಕ್ಕಳ

ದೆವ್ವ, ಮರುಜನ್ಮ ಎಂದೆಲ್ಲ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ವರ್ಷಗಟ್ಟಲೆ ಹೆರಿಗೆ ಕೋಣೆಯಲ್ಲಿ ನಿಂತ ನರ್ಸ್ ನಾನು. ಕಣ್ಣಿಗೆ ಕಂಡದ್ದನ್ನಷ್ಟೇ ನಂಬುವವಳು. ಇದನ್ನೂ ಕಣ್ಣಾರೆ ಕಂಡೆ. ಅದೇ ನನ್ನ ಪೀಕಲಾಟ.

ಆಗ ನಾಗಮಂಗಲದ ಸಣ್ಣ ಆಸ್ಪತ್ರೆಯೊಂದರಲ್ಲಿದ್ದೆ. ಹೊಣಕೆರೆ ಕಡೆಯ ಶೋಭಾ ಎರಡನೇ ಹೆರಿಗೆಗೆ ಬಂದಿದ್ದಳು. ಮೊದಲನೆಯ ಗಂಡುಮಗುವನ್ನು ಬೇರೆಲ್ಲೋ ತಲೆಗೆ ಇಕ್ಕಳ ಹಾಕಿ ಎಳೆದು ತೆಗೆದಿದ್ದರಂತೆ. ಒಂದು ದಿನವೂ ಬದುಕಲಿಲ್ಲ. ಅದಕ್ಕೆ ಇಕ್ಕಳವೇ ಕಾರಣವೋ ಅಲ್ಲವೋ, ನಾನು ಹೇಳಲಾರೆ. ಅವಳ ಅತ್ತೆ ನಿಂಗಮ್ಮನವರಂತೂ ನನ್ನ ಕೈ ಹಿಡಿದವರು ಬಿಡಲೊಲ್ಲರು.

"ಇಕ್ಕಳ ಮಾತ್ರ ಆಕ್ಬ್ಯಾಡಿ ಸಿಸ್ಟ್ರಮ್ಮಾ. ಈ ಮಗೀಗೂ ಅಂಗಾಗ್ಬುಟ್ರೆ ನನ್ ಸೊಸೆ ಉಳಿಯಾಕಿಲ್ಲ."

ಸಮಾಧಾನ ಹೇಳಿ ಸಾಕಾಗಿ, ನಮ್ಮಲ್ಲಿದ್ದ ಒಂದೇ ಒಂದು ಇಕ್ಕಳವನ್ನು ಬಟ್ಟೆ ಸುತ್ತಿ ಕಟ್ಟಿದ ಗಂಟಿನ ಸಮೇತ ತಂದು ಅವರ ಮಡಿಲಿಗಿಟ್ಟೆ. "ತಗೊಳ್ಳಿ, ನೀವೇ ಕಾಯ್ತಾ ಕೂತ್ಕೊಳ್ಳಿ." ಮಾಡಬಾರದ ಕೆಲಸವೇ ಸರಿ. ಡಾಕ್ಟರಿಗೆ ಹೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಗುವಿನ ತಲೆ ಅರ್ಧದಲ್ಲೇ ನಿಂತುಬಿಟ್ಟಿತು. ಎದೆಬಡಿತ ಇಳಿಯತೊಡಗಿತು. ಡಾಕ್ಟರು ಇಕ್ಕಳಕ್ಕೆ ಕೈ ಚಾಚಿದರು. ನಾನು ಹೊರಗೆ ಓಡಲು ತಿರುಗಿದೆನಷ್ಟೇ, ತಿಣುಕಲೂ ಶಕ್ತಿಯಿಲ್ಲದೆ ಮಲಗಿದ್ದ ಶೋಭಾ ಒಮ್ಮೆಲೇ ಚೀರಿದಳು. ಯಾರೋ ಹಿಡಿದೆಳೆದ ಹಾಗೆ ತಲೆ ಹೊರಗೆ ಬಂತು. ಡಾಕ್ಟರ ಕೈ ಇನ್ನೂ ಖಾಲಿಯಾಗಿ ಚಾಚಿಕೊಂಡೇ ಇತ್ತು.

ಗಂಡುಮಗು. ಜೋರಾಗಿ ಅತ್ತಿತು. ಮುಖ ಒರೆಸುತ್ತಿದ್ದ ನನ್ನ ಕೈ ತಾನಾಗಿ ನಿಂತಿತು. ಎರಡೂ ಕೆನ್ನೆಯ ಮೇಲೆ ಕೆಂಪಗೆ ಬಾಗಿದ ಬರೆ. ಇಕ್ಕಳ ಹಾಕಿದ ಎಷ್ಟೋ ಕೂಸುಗಳನ್ನು ಒರೆಸಿದವಳು ನಾನು, ಆ ಗುರುತು ನನಗೆ ತಪ್ಪುವುದಿಲ್ಲ. ಡಾಕ್ಟರೂ ನೋಡಿದರು, ತಮ್ಮ ಕೆಲಸಕ್ಕೆ ತಿರುಗಿದರು. ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಾಯಿಯ ಪಕ್ಕದಲ್ಲಿ ಮಲಗಿಸಿದೆ.

ನಿಂಗಮ್ಮನವರು ಗಂಟನ್ನು ಅವಚಿಕೊಂಡೇ ಒಳಗೆ ಬಂದರು. ಕಟ್ಟು ಬಿಚ್ಚಿರಲಿಲ್ಲ. ಮಗುವಿನ ಕೆನ್ನೆ ನೋಡಿ ನನ್ನನ್ನು ಬೈಯಲು ಬಾಯಿ ತೆರೆದವರು, ಕೈಯಲ್ಲಿದ್ದ ಗಂಟನ್ನು ನೋಡಿಕೊಂಡು ಹಾಗೇ ನೆಲಕ್ಕೆ ಕುಸಿದು ಕೂತರು.

ಶೋಭಾ ಮಾತ್ರ ಹೆದರಲಿಲ್ಲ. "ಎಡಗಿವಿ ಇಂದೆ ಒಂದು ಗಾಯ ಇರ್ಬೇಕು ನೋಡಿ ಸಿಸ್ಟ್ರೇ," ಎಂದಳು. "ಅವ್ನಿಗಿತ್ತು."

ಬಟ್ಟೆ ಸರಿಸಿದೆ. ಗಾಯವಿತ್ತು, ಆದರೆ ಹಸಿಯಾಗಿರಲಿಲ್ಲ. ಮಾಯ್ದು ಗೆರೆಯಾಗಿದ್ದ ಹಳೇ ಗಾಯ. ಹುಟ್ಟಿ ಹತ್ತು ನಿಮಿಷವಾಗದ ಕೂಸಿಗೆ ಅದೆಲ್ಲಿಂದ ಬಂತೋ, ನನಗೆ ಇವತ್ತಿಗೂ ತಿಳಿಯದು.