ಕೂರಲು ಬಾರದ ಚೆನ್ನಯ

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅಮ್ಮ ಹೆದರಿಸುತ್ತಿದ್ದಳು. ಹೇಳದಿದ್ದರೆ ಇದು ಯಾರ ಕಥೆ ಎಂದು ನಿಮಗೆ ತಿಳಿಯುವುದು ಹೇಗೆ? ಹೆಸರು ಚೆನ್ನಯ. ಊರು ಕಾಪು. ಮುಂಬಯಿಯ ಫೋರ್ಟ್‌ನಲ್ಲಿ, ಶೇಖರಣ್ಣನ ಹೋಟೆಲಿನಲ್ಲಿ ಸಪ್ಲೈಯರ್. ಒಮ್ಮೆ ಹೇಳಿಯಾಯಿತು, ಇನ್ನು ನಾನು ‘ಇವರು’ ಎಂದರೆ ಇವರೇ.

ನಾನು ವಾರಿಜಾ. ಹುಟ್ಟಿ ಬೆಳೆದದ್ದು ಲಾಲ್‌ಬಾಗಿನ ಚಾಳಿನಲ್ಲಿ. ಅಪ್ಪ ಮಿಲ್ಲಿನಲ್ಲಿದ್ದರು. ಇದ್ದದ್ದು ಒಂದೇ ಕೋಣೆಯ ಖೋಲಿ, ತುಂಬ ಜನ. ಮಲಗಲು ಹೇಗೋ ಜಾಗ ಸಿಗುತ್ತಿತ್ತು, ಕೂರಲು ಮಾತ್ರ ಇರಲಿಲ್ಲ. ಎಲ್ಲಿ ಕೂತರೂ ಯಾರದೋ ಕಾಲಿಗೆ ಅಡ್ಡ. ಏಳು, ಸರಿ, ಆಚೆ ಹೋಗು. ಚಿಕ್ಕಂದಿನಲ್ಲಿ ನಾನು ಹೆಚ್ಚು ಕೇಳಿದ ಮಾತುಗಳು ಇವೇ. ಹಬ್ಬಕ್ಕೋ ಹುಣ್ಣಿಮೆಗೋ ಅಪ್ಪ ನನ್ನನ್ನು ಟ್ರಾಮಿನಲ್ಲಿ ಧೋಬಿ ತಲಾವಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಅಪ್ಪನಿಗಿಂತಲೂ ಹಳೆಯದಾದ ಒಂದು ಇರಾನಿ ಹೋಟೆಲು. ಕಪ್ಪು ಮರದ ಕುರ್ಚಿ, ತಣ್ಣಗಿನ ಕಲ್ಲಿನ ಮೇಜು, ಗೋಡೆ ತುಂಬ ಕನ್ನಡಿ. ಒಂದು ಚಾ ತರಿಸಿದರೆ ಆ ಕುರ್ಚಿ ನಮ್ಮದು. ಯಾರೂ ಏಳು ಎನ್ನುವುದಿಲ್ಲ. ಈ ಊರಿನ ಬಡವರು ಹೋಟೆಲಿಗೆ ಹೋಗುವುದು ಹೊಟ್ಟೆಗಾಗಿ ಅಲ್ಲ, ಕೂರುವುದಕ್ಕಾಗಿ. ಅಲ್ಲ ಎನ್ನುವವರು ನನ್ನ ಹತ್ತಿರ ವಾದಕ್ಕೆ ಬನ್ನಿ.

ಆದ್ದರಿಂದ ಐವತ್ತಮೂರನೇ ಇಸವಿಯಲ್ಲಿ ಇವರ ಸಂಬಂಧ ಬಂದಾಗ ಅಣ್ಣ ಮೂಗು ಮುರಿದರೂ ನಾನು ಒಳಗೊಳಗೇ ಕುಣಿದಿದ್ದೆ. ಹೋಟೆಲಿನವನನ್ನು ಕಟ್ಟಿಕೊಂಡರೆ ಮುಂಬಯಿಯ ಹೋಟೆಲುಗಳೆಲ್ಲ ನನ್ನವೇ ಎಂದುಕೊಂಡಿದ್ದೆ. ಎದುರಾಬದುರು ಕೂತು, ನಡುವೆ ಒಂದು ಮೇಜು, ಎರಡು ಚಾ, ಅವಸರವಿಲ್ಲದ ನಾಲ್ಕು ಮಾತು. ನನಗೆ ಬೇಕಿದ್ದದ್ದು ಇಷ್ಟೇ. ಚಿನ್ನ ಕೇಳಿದೆನೇ? ಪಟ್ಟೆ ಸೀರೆ ಕೇಳಿದೆನೇ?

ಮದುವೆಯಾದ ಮೇಲೆ ಬಂದ ಮೊದಲ ರಜೆಯಲ್ಲೇ ಇವರನ್ನು ಹೊರಡಿಸಿಕೊಂಡು ಧೋಬಿ ತಲಾವಿಗೆ ಹೋದೆ. ಅದೇ ಇರಾನಿ. ಕೂತೆವು. ಕೂತೆವು ಎನ್ನುವುದಕ್ಕಿಂತ, ನಾನು ಕೂತೆ, ಇವರು ಕುರ್ಚಿಯ ಅಂಚಿಗೆ ತಾಗಿಕೊಂಡರು. ಚಾ ಬಂತು. ಪಕ್ಕದ ಮೇಜಿನ ಮುದುಕ ಪಾರ್ಸಿ ಖಾಲಿ ಗ್ಲಾಸು ಹಿಡಿದು ಆಚೀಚೆ ನೋಡಿದ, ಅಷ್ಟೇ. ಇವರು ಎದ್ದೇಬಿಟ್ಟರು. ಒಂದೇ ಕೈಯ ಬೆರಳುಗಳಲ್ಲಿ ನಾಲ್ಕು ಗ್ಲಾಸು ನೀರು ಸಿಕ್ಕಿಸಿಕೊಂಡು ಬಂದು ಆ ಮೇಜಿಗೆ ಇಟ್ಟರು. ಇಟ್ಟು ಸುಮ್ಮನೆ ಬಂದರೆ? ಅವನ ಎಂಜಲು ಬಸಿಯನ್ನೂ ಎತ್ತಿಕೊಂಡರು. ಹೋಟೆಲಿನ ಯಜಮಾನ ಕೌಂಟರಿನಿಂದಲೇ ಕೂಗಿದ: “ಅರೇ ಭಾಯ್, ತುಮ್ ಗಿರಾಕ್ ಹೈ ಕಿ ನೌಕರ್?”

ಇಡೀ ಹೋಟೆಲು ನಕ್ಕಿತು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಇವರೂ ಆ ನಗುವಿಗೆ ಸೇರಿಕೊಂಡು ನಕ್ಕರು.

“ನಾವು ಗಿರಾಕಿಗಳು ಮಾರಾಯ್ರೇ,” ಎಂದೆ ಹಲ್ಲು ಕಚ್ಚಿ. “ದುಡ್ಡು ಕೊಟ್ಟು ಬಂದವರು. ಕೂತ್ಕೊಳ್ಳಿ.”

“ಮುದುಕನಿಗೆ ಬಾಯಾರಿತ್ತು, ನೋಡ್ಲಿಲ್ವಾ ನೀನು?”

“ನನಗೆ ಕಾಣುದು ನೀವು ಮಾತ್ರ. ಅದೂ ಬೆನ್ನು!”

ಒಮ್ಮೆ ಆದದ್ದಾದರೆ ಮರೆಯಬಹುದಿತ್ತು. ಗಿರ್ಗಾಂವ್‌ನಲ್ಲಿ ಒಂದು ಹಳೆಯ ಮರಾಠಿ ಹೋಟೆಲಿತ್ತು. ಹೆಂಗಸರು ಜೊತೆಗಿದ್ದರೆ ಕೂರಲು ಫ್ಯಾಮಿಲಿ ರೂಮು, ಸುತ್ತ ಹಲಗೆ, ಮುಂದೆ ಪರದೆ, ಸಪ್ಲೈಯರನ್ನು ಕರೆಯಲು ಗೋಡೆಯಲ್ಲಿ ಒಂದು ಗಂಟೆ. ಇಲ್ಲಿ ಪಕ್ಕದ ಮೇಜೇ ಕಾಣುವುದಿಲ್ಲ, ಇವರು ಏಳುವುದು ಹೇಗೆ ಎಂದು ನಾನು ಲೆಕ್ಕ ಹಾಕಿದ್ದೆ. ಪೂರಿ ಭಾಜಿ ಬಂತು. ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಆಚೆ ಕೋಣೆಯಲ್ಲಿ ಗಂಟೆ ಟ್ರಿಣ್ ಎಂದಿತು. “ಆಯಾ ಸಾಬ್!” ಎಂದು ಕೂಗಿದವರೇ ಇವರು ಪರದೆ ಸರಿಸಿ ಹೊರಟರು. ಆಚೆ ಯಾರೋ ಹೊಸ ಗಂಡ ಹೆಂಡತಿ ಗಾಬರಿಯಾಗಿರಬೇಕು. ನಾನು ಒಬ್ಬಳೇ ಆ ಪರದೆ ನೋಡುತ್ತಾ ಪೂರಿ ತಿಂದೆ. ಸಿಟ್ಟಿಗೆ ಇವರ ಪಾಲಿನದ್ದೂ ತಿಂದೆ.

ಕಾಲ್ಬಾದೇವಿಯ ಗುಜರಾತಿ ಭೋಜನಾಲಯದಲ್ಲಿ ಬೇರೆ ಫಜೀತಿ. ಅಲ್ಲಿ ಮಣೆಯ ಮೇಲೆ ಕೂರಿಸುತ್ತಾರೆ, ಬೇಡವೆಂದರೂ ತುಪ್ಪ ಸುರಿಯುತ್ತಾರೆ. ಬಡಿಸುವವನು ಬಂದಾಗಲೆಲ್ಲ ಇವರು ಕೈ ಅಡ್ಡ ಹಿಡಿದು, “ಬಸ್, ಬಸ್,” ಎನ್ನುತ್ತಿದ್ದರು. ಹಸಿವಿಲ್ಲವೇ ಎಂದರೆ, “ಅವನ ಕಾಲು ನೋಡು. ಬಾತು ಹೋಗಿದೆ. ನಾನು ಬೇಡ ಹೇಳಿದ್ರೆ ಅವನಿಗೆ ಒಂದು ಸಲ ಕಮ್ಮಿ ಬಗ್ಗಿದ ಹಾಗೆ,” ಎಂದರು. ಜನ ಹೋಟೆಲಿಗೆ ಹೋದರೆ ತಟ್ಟೆ ನೋಡುತ್ತಾರೆ. ನನ್ನ ಗಂಡ ಕಾಲು ನೋಡುತ್ತಾರೆ!

ಮನೆಯಲ್ಲಾದರೂ ಕೂರುತ್ತಿದ್ದರೇ? ನಾವಿದ್ದದ್ದು ಲಾಲ್‌ಬಾಗಿನ ಚಾಳಿನಲ್ಲೇ, ಅಣ್ಣನ ಖೋಲಿಯಲ್ಲಿ, ಸೀರೆ ಕಟ್ಟಿ ಬೇರೆ ಮಾಡಿದ ಮೂಲೆಯಲ್ಲಿ. ರಜೆಯ ದಿನ ಇವರೇ ಅಣ್ಣನಿಗೆ, ಅತ್ತಿಗೆಗೆ, ಮಕ್ಕಳಿಗೆ, ನನಗೆ ಬಡಿಸಿ, ಕೊನೆಗೆ ಬಾಗಿಲಿಗೆ ಒರಗಿ ನಿಂತು ಉಣ್ಣುವರು. ಚಾಳಿನ ಹೆಂಗಸರು ನಾನು ಪುಣ್ಯ ಮಾಡಿದವಳು ಎನ್ನುತ್ತಿದ್ದರು. ಅವರ ಪುಣ್ಯಕ್ಕೆ ಬೆಂಕಿ ಬೀಳಲಿ. ಒಂದು ದಿನ ಎದುರಿಗೆ ಕೂತು ಉಣ್ಣಿ ಎಂದು ಜಗಳ ತೆಗೆದರೆ, “ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು, ವಾರಿಜಾ,” ಎಂದು ಗಾದೆ ಎಸೆದು ಬಾಗಿಲಾಚೆಯ ಗ್ಯಾಲರಿಗೆ ಹೋಗಿಬಿಡುವರು.

“ಅದು ಸೋಮಾರಿಗಳಿಗೆ ಹೇಳಿದ್ದು,” ಎಂದು ನಾನು ಹಿಂದಿನಿಂದ ಕೂಗುತ್ತಿದ್ದೆ.

ನಿಜ ಹೇಳಬೇಕೆಂದರೆ, ಇವರ ಬಾಯಲ್ಲಿ ಹೋಟೆಲಿನ ಸುದ್ದಿ ಕೇಳುವುದು ನನಗೆ ಇಷ್ಟವಿತ್ತು. ಹುಣ್ಣಿನ ಹೊಟ್ಟೆಯ ಗುಮಾಸ್ತನಿಗೆ ಖಾರವಿಲ್ಲದ ಸಾರು ಬೇರೆ ತೆಗೆದಿಡಿಸಿದ್ದು, ಮೊಮ್ಮಗ ಹುಟ್ಟಿದ ದಿನ ಕೋರ್ಟಿನ ಜವಾನ, ಆ ಪಟ್ಟೇವಾಲ, ಇಡೀ ಮೇಜಿಗೆ ಶೀರಾ ಕೊಡಿಸಿದ್ದು, ಹೊಸದಾಗಿ ಊರಿನಿಂದ ಬಂದ ಹುಡುಗನೊಬ್ಬ ಮೊದಲ ಇಡ್ಲಿ ಮುರಿದು ಅತ್ತದ್ದು. ನಿಂತೇ ಹೇಳುವರು, ಕೈ ಬೀಸಿ ಹೇಳುವರು. ಆ ಜನರನ್ನೆಲ್ಲ ನಾನು ಕಾಣದಿದ್ದರೂ ನನಗೆ ಅವರು ನೆಂಟರ ಹಾಗೆ.

ಒಂದು ಬೆಳಿಗ್ಗೆ ಶೇಖರಣ್ಣ ತಾವೇ ನಮ್ಮ ಚಾಳಿನ ಮೆಟ್ಟಿಲು ಹತ್ತಿ ಬಂದರು. ಹೋಟೆಲಿನ ಧಣಿ ಮನೆಗೆ ಬರುವುದೆಂದರೆ ಸಣ್ಣ ಮಾತೇ? ಅತ್ತಿಗೆ ಗಡಿಬಿಡಿಯಲ್ಲಿ ಮಕ್ಕಳನ್ನೆಲ್ಲ ಹೊರಗೆ ಅಟ್ಟಿದಳು.

“ಚೆಂಬೂರಿನಲ್ಲಿ ಹೊಸ ಹೋಟೆಲ್ ಮಾಡ್ತಾ ಇದ್ದೇನೆ,” ಎಂದರು ಶೇಖರಣ್ಣ. “ಅಲ್ಲಿ ರಿಫೈನರಿ ಬಂದಿದೆ, ಕಾಲನಿ ಬಂದಿದೆ, ನಮ್ಮ ಜನ ಉಂಟು. ಗಲ್ಲಕ್ಕೆ ನಂಬಿಕೆಯವ ಬೇಕು. ಚೆನ್ನಯ, ನೀನು ಬಾ. ನಡೆದದ್ದು ಸಾಕು, ಇನ್ನು ಕೂತ್ಕೋ. ಹೋಟೆಲಿನ ಹಿಂದೆ ಒಂದು ರೂಮು ಉಂಟು, ನಳ್ಳಿ ಉಂಟು. ನೀವಿಬ್ರೂ ಅಲ್ಲೇ ಇರಿ.”

ಗಲ್ಲ ಎಂದರೆ ಹಣ ತೆಗೆದುಕೊಳ್ಳುವ ಮೇಜು. ಸಪ್ಲೈಯರಿಗೆ ಅದಕ್ಕಿಂತ ದೊಡ್ಡ ಬಡ್ತಿಯಿಲ್ಲ. ಇವರು ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಆಗಲೇ ದೀಪಾವಳಿ. ಸ್ವಂತ ಬಾಗಿಲು, ಸ್ವಂತ ನಳ್ಳಿ, ಅದಕ್ಕಿಂತ ಮೇಲೆ, ಕೂತ ಗಂಡ! ದೇವರು ನನ್ನ ಜಗಳವನ್ನೇ ಅರ್ಜಿಯೆಂದು ತಿಳಿದು ಒಪ್ಪಿಬಿಟ್ಟನೇನೋ ಎನಿಸಿತು.

“ಬರ್ತೇನೆ ಅಣ್ಣ,” ಎಂದರು ಇವರು.

ಚೆಂಬೂರಿನಲ್ಲಿ ಮೊದಲ ವಾರ ಇವರು ಗಲ್ಲ ಬಿಟ್ಟು ಏಳುತ್ತಲೇ ಇದ್ದರು. ಯಾವುದೋ ಮೇಜಿಗೆ ಚಟ್ನಿ ಬೇಕು, ಇನ್ಯಾವುದಕ್ಕೋ ನೀರು ಹೋಗಿಲ್ಲ. ಶೇಖರಣ್ಣ ಗದರಿದರು: “ಗಲ್ಲದವ ಏಳ್ಬಾರ್ದು ಚೆನ್ನಯ. ನೀನು ಎದ್ರೆ ಸಪ್ಲೈಯರ್‌ಗಳಿಗೂ ಮರ್ಯಾದೆ ಇರುದಿಲ್ಲ, ಗಿರಾಕಿಗೂ ಹೆದರಿಕೆ ಇರುದಿಲ್ಲ.” ಮಾತು ಸರಿಯೇ. ಇವರು ಕಲಿತರು. ಇಸ್ತ್ರಿ ಅಂಗಿ ಹಾಕಿ, ಊದುಬತ್ತಿ ಹಚ್ಚಿ, ಬೆಳಿಗ್ಗೆ ಕೂತರೆ ಬಾಗಿಲು ಹಾಕುವವರೆಗೂ ಕೂತರು. ನಾನು ಅಡುಗೆಮನೆಯ ಕಡೆಯಿಂದ ಇಣುಕಿ ನೋಡಿ ಹಿಗ್ಗುತ್ತಿದ್ದೆ. ಆದರೆ ಮೇಜಿನ ಅಡಿಯಲ್ಲಿ ಕಾಲುಗಳು ನಿಲ್ಲುತ್ತಿರಲಿಲ್ಲ. ಎಷ್ಟು ತುಳಿದರೆಂದರೆ ಕೆಳಗೆ ಹಾಸಿದ್ದ ಗೋಣಿ ಹರಿದು ಎರಡಾಯಿತು.

ಆಮೇಲೆ ಕಾಲುಗಳೂ ನಿಂತವು. ಮಾತೂ ನಿಂತಿತು. ಕೆಲಸ ಮುಗಿಸಿ ಬಂದವರನ್ನು ಇವತ್ತು ಏನಾಯಿತು ಎಂದು ಕೇಳಿದರೆ, “ಎಂತದೂ ಇಲ್ಲ.” ನನಗೆ ಅಸಮಾಧಾನ ಶುರುವಾಯಿತು. ಸ್ವಂತ ರೂಮಿನಲ್ಲಿ, ಸ್ವಂತ ನಳ್ಳಿಯ ಮುಂದೆ, ನಾನೇ ಅತ್ತಿಂದಿತ್ತ ಓಡಾಡತೊಡಗಿದೆ. ಕೂತರೆ ನಿಲ್ಲಬೇಕೆನಿಸುವುದು, ನಿಂತರೆ ಎಲ್ಲಿಗಾದರೂ ಹೋಗಬೇಕೆನಿಸುವುದು. ಒಂದು ಮಧ್ಯಾಹ್ನ ತಡೆಯಲಾರದೆ ಕೇಳಿದೆ: “ಗಿರಾಕಿಗಳು ಇಲ್ಲಿ ಮಾತಾಡುದಿಲ್ವಾ?”

“ಗಲ್ಲದ ಹತ್ರ ಬರುವವನ ಹೊಟ್ಟೆ ತುಂಬಿರ್ತದೆ, ವಾರಿಜಾ. ಅವನಿಗೆ ನನ್ನಿಂದ ಎಂತ ಬೇಕು? ಅವನ ಕಣ್ಣು ಬಾಗಿಲಿನ ಮೇಲೆ.”

ಆ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಮಳೆಗಾಲ ಮುಗಿದ ಮೇಲೆ ಒಂದು ರಜೆಯ ದಿನ ಇವರೇ, “ಗಿರ್ಗಾಂವ್‌ಗೆ ಹೋಗುವನಾ? ನಿನಗೆ ಇಷ್ಟ ಅಲ್ವಾ,” ಎಂದರು. ಲೋಕಲ್ ಹಿಡಿದು, ಟ್ರಾಮ್ ಬದಲಿಸಿ ಹೋದೆವು. ಅದೇ ಫ್ಯಾಮಿಲಿ ರೂಮು. ಇವರು ಕುರ್ಚಿಗೆ ಪೂರ್ತಿ ಒರಗಿ ಕೂತರು. ಪೂರಿ ಬಂತು, ಕುಡಿಯಲು ಸಿಹಿ ಮಜ್ಜಿಗೆಯ ಪೀಯೂಷ್ ಬಂತು. ಒಂದೊಂದೇ ತುತ್ತು ತಿಂದರು. ಆಚೆ ಕೋಣೆಯಲ್ಲಿ ಗಂಟೆ ಬಾರಿಸಿತು. ನಾನು ಅಭ್ಯಾಸಬಲದಿಂದ ಇವರ ತೋಳು ಹಿಡಿಯಲು ಕೈ ಚಾಚಿದೆ. ಇವರು ಅಲುಗಲಿಲ್ಲ. ಗಂಟೆ ಮತ್ತೆ ಬಾರಿಸಿತು. ಯಾವುದೋ ಮಗು ನೀರು ನೀರು ಎಂದು ರಾಗ ಎಳೆಯುತ್ತಿತ್ತು.

“ಕೇಳ್ಲಿಲ್ವಾ?” ಎಂದೆ.

“ಕೇಳ್ತು.”

“ಮತ್ತೆ?”

“ಯಾರಾದ್ರು ಹೋಗ್ತಾರೆ. ನಾನು ಕೂತಿದ್ದೇನಲ್ಲ.”

ವರ್ಷಗಟ್ಟಲೆ ಹಟ ಹಿಡಿದು ಬೇಡಿದ್ದು ಕೊನೆಗೂ ನನ್ನ ಎದುರಿಗೆ ಕೂತಿತ್ತು. ಎದುರಾಬದುರು, ನಡುವೆ ಮೇಜು, ಅವಸರವಿಲ್ಲ. ಪರದೆಯ ಹಿಂದೆ, ಯಾರಿಗೂ ಕಾಣದ ಹಾಗೆ, ಗಳಗಳನೆ ಅತ್ತುಬಿಟ್ಟೆ.

“ಎಂತಾಯ್ತು? ಖಾರವಾ?”

“ಖಾರವೂ ಇಲ್ಲ, ಮಣ್ಣೂ ಇಲ್ಲ. ಆ ಮಗುವಿಗೆ ನೀರು ಕೊಟ್ಟು ಬನ್ನಿ. ನಾಳೆ ಶೇಖರಣ್ಣನಿಗೆ ಹೇಳಿ, ಗಲ್ಲ ಬೇಡ, ಫೋರ್ಟ್‌ಗೇ ಹೋಗ್ತೇನೆ ಅಂತ.”

ಇವರು ನನ್ನನ್ನೇ ನೋಡಿದರು. “ರೂಮು ಹೋಗ್ತದೆ.”

“ಹೋಗ್ಲಿ.”

“ಪುನಃ ನಿನ್ನ ಅಣ್ಣನ ಮನೆ. ಸೀರೆಯ ಗೋಡೆ.”

“ಹೋಗ್ಲಿ ಹೇಳಿದೆನಲ್ಲ! ಎಷ್ಟು ಸಲ ಹೇಳ್ಬೇಕು?”

ಹೇಳಿದ್ದೇನೋ ಹೇಳಿದೆ. ನಾನು ದೇವತೆಯಲ್ಲ. ಆ ನಳ್ಳಿ ನೆನೆಸಿಕೊಂಡು ಹಿಂದಿರುಗುವ ಲೋಕಲಿನಲ್ಲಿ ಕುರ್ಲಾದವರೆಗೂ ಹೊಟ್ಟೆ ಉರಿಯಿತು. ಶೇಖರಣ್ಣ ಬೈದರು, ಅಣ್ಣ ತಲೆ ಚಚ್ಚಿಕೊಂಡ, ಬಂದ ಲಕ್ಷ್ಮಿಯನ್ನು ಒದ್ದವರು ಎಂದು ಚಾಳಿಗೆ ಚಾಳೇ ಆಡಿಕೊಂಡಿತು. ನಾವು ಲಾಲ್‌ಬಾಗಿಗೆ ಮರಳಿ ಸೀರೆ ಕಟ್ಟಿಕೊಂಡೆವು, ಇವರು ಫೋರ್ಟಿನ ಕೆಲಸಕ್ಕೆ ಮರಳಿದರು. ಅದೇ ವಾರ ಇವರು ಬಾಗಿಲಿಗೆ ಒರಗಿ ನಿಂತು ಹುಣ್ಣಿನ ಹೊಟ್ಟೆಯ ಗುಮಾಸ್ತ ತಮ್ಮನ್ನು ಕಂಡು ಹೇಗೆ ಎದ್ದು ನಿಂತ ಎಂದು ಕೈ ಬೀಸಿ ಹೇಳಿದರು.

ಆದರೆ ನನ್ನ ಆಸೆ? ಅದು ಹಾಗೇ ಉಳಿಯಿತಲ್ಲ. ಒಳಗೆ ಕುದಿಯುತ್ತಲೇ ಇತ್ತು. ಒಂದು ದಿನ ಮಧ್ಯಾಹ್ನ, ಯಾರಿಗೂ ಹೇಳದೆ, ಕರಿ ರೋಡ್ ಸ್ಟೇಶನ್ನಿನಿಂದ ಲೋಕಲ್ ಹತ್ತಿ ಬೋರಿಬಂದರಿನಲ್ಲಿ ಇಳಿದು ಫೋರ್ಟ್‌ಗೆ ನಡೆದೆ. ಇಷ್ಟು ವರ್ಷದಲ್ಲಿ ಇವರು ಕೆಲಸ ಮಾಡುವ ಹೋಟೆಲನ್ನು ನಾನು ನೋಡಿರಲಿಲ್ಲ. ನೌಕರನ ಹೆಂಡತಿ ಅಲ್ಲಿಗೆ ಹೋಗುವ ಪದ್ಧತಿ ಇರಲಿಲ್ಲ. ಆಫೀಸುಗಳನ್ನು ಊಟಕ್ಕೆ ಬಿಟ್ಟ ಹೊತ್ತು. ಒಳಗೆ ಬರೀ ಗಂಡಸರು, ಹೆಗಲಿಗೆ ಹೆಗಲು. ನಾನು ಫ್ಯಾಮಿಲಿ ರೂಮು ಕೇಳಲಿಲ್ಲ. ನಟ್ಟನಡುವಿನ ಮೇಜಿನಲ್ಲಿ ಒಂದು ಕುರ್ಚಿ ಖಾಲಿಯಾದದ್ದೇ ಹೋಗಿ ಕೂತೆ.

ಇವರು ಮೇಜು ಒರೆಸುತ್ತಾ ಬಂದರು, ನೀರಿಟ್ಟರು, ತಲೆ ಎತ್ತಿದರು. ಬೈಯುತ್ತಾರೆ ಎಂದುಕೊಂಡೆ. ಒಂದು ಕ್ಷಣ ಕೈಯಲ್ಲಿನ ಬಟ್ಟೆಯನ್ನು ಮಡಚಿದರು, ಬಿಚ್ಚಿದರು.

“ಎಂತ ಕೊಡ್ಲಿ?” ಎಂದರು, ಎಲ್ಲರನ್ನೂ ಕೇಳುವ ಹಾಗೆಯೇ.

“ಇಲ್ಲಿ ಎಂತ ಚೆನ್ನಾಗಿದೆ?”

“ಇವತ್ತು ಸಾರು ಒಳ್ಳೆದಾಗಿದೆ. ಊಟ ತರ್ತೇನೆ.”

ಊಟ ತಂದರು. ಸಾರು ತಂದರು, ಮತ್ತೆ ತಂದರು. ಕೇಳದೆಯೇ ಹಪ್ಪಳ ಬಂತು. ಬಂದಾಗಲೆಲ್ಲ ಒಂದೊಂದು ಮಾತು, ಆ ಮೂಲೆಯವನೇ ಗುಮಾಸ್ತ, ಈ ಕನ್ನಡಕದವನೇ ಪಟ್ಟೇವಾಲ. ಅಷ್ಟರಲ್ಲಿ ಕೋಟು ಹಾಕಿದ ಒಬ್ಬ ದೊಡ್ಡ ಮನುಷ್ಯ ಬಂದು ನನ್ನ ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತ. ಜಾಗವಿಲ್ಲದಾಗ ಇಲ್ಲಿ ಹೀಗೆ ಉಣ್ಣುವವರ ಹಿಂದೆ ನಿಲ್ಲುವುದು ವಾಡಿಕೆ. ನಾನು ಬೇಗ ಬೇಗ ಅನ್ನ ಕಲಸತೊಡಗಿದೆ.

ಇವರು ಎರಡು ಕೈಯಲ್ಲೂ ತಟ್ಟೆ ಹಿಡಿದುಕೊಂಡೇ ಅವನ ಹತ್ತಿರ ಬಂದರು.

“ಸಾಹೇಬ್ರೇ, ಬೇರೆ ಕಡೆ ನೋಡಿ,” ಎಂದರು. “ಈ ಕುರ್ಚಿ ಸದ್ಯಕ್ಕೆ ಖಾಲಿಯಾಗುದಿಲ್ಲ. ಅವರು ನಿಧಾನ ಊಟ ಮಾಡ್ತಾರೆ.”

ಆ ಮನುಷ್ಯ ಗೊಣಗುತ್ತಾ ಸರಿದ. ನಾನು ತಲೆ ತಗ್ಗಿಸಿ, ಕಣ್ಣು ಒರೆಸಿಕೊಂಡು, ಇನ್ನೊಮ್ಮೆ ಅನ್ನ ಹಾಕಿಸಿಕೊಂಡೆ.